ಕಪ್ಪೆಗಳು ಬಾಯಿ ಮುಚ್ಚಿದ ಹೊತ್ತು

ಕಪ್ಪೆ ಮೇಷ್ಟ್ರ ಕೆರೆ ಈಗ ಇಲ್ಲ. ಅದರ ಮೇಲೆ ಬಸ್ಸುಗಳು ನಿಲ್ಲುತ್ತವೆ. ಮೇಷ್ಟ್ರು ಸಂಶೋಧನೆಗೆಂದು ಹಿಡಿದಿಟ್ಟ ಆ ಕೆರೆಯ ಕಪ್ಪೆಗಳ ದನಿ ಮಾತ್ರ ಒಂದು ರಟ್ಟಿನ ಪೆಟ್ಟಿಗೆಯ ಕ್ಯಾಸೆಟ್‌ಗಳಲ್ಲಿ ಉಳಿದು, ಮೇಷ್ಟ್ರ ಕಂಕುಳಲ್ಲಿ ಕೂತು, ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬಂತು.

"ಯಾವ ಮೂಲೆಯಿಂದ ಯಾರು ಕೇಳಿದ್ರೂ ಸಿಗಬೇಕು ಕಣಯ್ಯಾ. ನಾನು ಇರೋವಾಗಲೇ ಆಗಬೇಕು, ಅಷ್ಟೆ," ಎಂದರು ಮೇಷ್ಟ್ರು.

ಅದೇ ನನ್ನ ಕೆಲಸ. ಸಂಶೋಧಕರ ಬೀರುಗಳಲ್ಲಿ ಧೂಳು ತಿನ್ನುತ್ತಿರುವುದನ್ನು ಈಚೆ ತಂದು, ಹೆಸರು, ಜಾಗ, ಕಾಲ ಬರೆದು, ಬೀಗವಿಲ್ಲದ ಜಾಲತಾಣದಲ್ಲಿ ಇಡುವುದು. ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುತ್ತ ಹೆಡ್‌ಫೋನ್ ಹಾಕಿಕೊಂಡು ಕೂತೆ. ಕಪ್ಪೆಗಳು ವಟಗುಟ್ಟಿದವು. ಆಮೇಲೆ, ಕಿವಿಯೊಳಗೇ ನಿಂತು ಕೂಗಿದಂತೆ, ಒಂದು ಹೆಣ್ಣು ದನಿ:

"ರೀ! ಕೋಣನ ಹಾಗೆ ನೀರಲ್ಲಿ ನಿಂತಿದ್ದೀರಲ್ಲ, ನೆಗಡಿ ಆದ್ರೆ ಬಿಸಿನೀರು ಕಪ್ಪೆ ಕಾಸಿಕೊಡುತ್ತಾ?"

ಮೇಷ್ಟ್ರ ಹೆಂಡತಿ. ಹೆಚ್ಚುಕಡಿಮೆ ಎಲ್ಲ ಕ್ಯಾಸೆಟ್‌ಗಳಲ್ಲೂ ಇದ್ದರು. ದನಿ ಯಾರದೋ ಅವರು ಒಪ್ಪದೆ ಹೊರಗೆ ಬಿಡುವ ಹಾಗಿಲ್ಲ. ಫೋನ್ ಮಾಡಿದೆ.

"ಏನಪ್ಪಾ, ನಾನು ಗಂಡನ್ನ ಕೋಣ ಅನ್ನೋದನ್ನ ಜಗತ್ತಿಗೆಲ್ಲ ಡಂಗುರ ಸಾರ್ತೀಯಾ? ನನ್ನ ಮಾತು ಕತ್ತರಿಸು, ಕಪ್ಪೆ ಮಾತು ಇಟ್ಕೋ."

ಕತ್ತರಿಸಿದೆ. ಅಚ್ಚುಕಟ್ಟಾಗಿಯೇ ಮಾಡಿದ್ದೆ, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮೇಷ್ಟ್ರು ಬಂದು ಕೇಳಿದವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಇದು ಸುಳ್ಳು."

"ಸರ್?"

"ಅವಳು ಕೂಗಿದ್ರೆ ಕೆರೆಗೆ ಕೆರೇನೇ ಗಪ್‌ಚುಪ್. ಆಮೇಲೆ ಯಾವುದೋ ಒಂದು ಧೈರ್ಯ ಮಾಡಿ ಶುರು ಮಾಡ್ತಿತ್ತು, ಉಳಿದವು ಸೇರ್ಕೊಳ್ತಿದ್ವು. ನಾನು ಕಾಯ್ತಿದ್ದದ್ದೇ ಅದಕ್ಕೆ. ಅವಳನ್ನ ತೆಗೆದ್ರೆ, ಕಪ್ಪೆಗಳು ಯಾಕೆ ಸುಮ್ಮನಾದ್ವು ಅಂತ ಯಾರಿಗೆ ಗೊತ್ತಾಗತ್ತೆ? ಹೀಗೆ ಹಾಕೋದಾದ್ರೆ ಬೇಡವೇ ಬೇಡ. ಪೆಟ್ಟಿಗೆ ಕೊಡು."

ಪೆಟ್ಟಿಗೆ ಎತ್ತಿಕೊಂಡು ಹೊರಟೇಬಿಟ್ಟರು. ಬಾಗಿಲಲ್ಲಿ ಅವರ ಹೆಂಡತಿಯೇ ಎದುರಾದರು. ಕೈಯಲ್ಲಿ ಮೇಷ್ಟ್ರು ಮನೆಯಲ್ಲೇ ಮರೆತಿದ್ದ ಕನ್ನಡಕ.

"ಇದಿಲ್ದೆ ಯಾವ ಬಸ್ಸು ಅಂತ ಹೆಂಗೆ ಓದಿದ್ರಿ? ಪೆಟ್ಟಿಗೆ ಯಾಕೆ ವಾಪಸ್ಸು?"

ಮೇಷ್ಟ್ರು ಪೆಟ್ಟಿಗೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು. ನಾನೇ ಹೇಳಿದೆ:

"ಅಮ್ಮಾ, ನೀವಿಲ್ದೆ ಇದ್ರೆ ಸರ್ ಕಪ್ಪೆಗಳನ್ನೂ ಕೊಡಲ್ವಂತೆ."

ಕತ್ತರಿಸದ ದನಿಯನ್ನು ಹಾಕಿ ಹೆಡ್‌ಫೋನ್ ಅವರ ಕಿವಿಗಿಟ್ಟೆ. ತಮ್ಮದೇ ಹರೆಯದ ದನಿಗೆ ಅವರ ಹುಬ್ಬು ಮೇಲೇರಿತು. ಬೈಗುಳ ಮುಗಿದ ಮೇಲಿನ ಮೌನದಲ್ಲಿ ಉಸಿರು ಬಿಗಿಹಿಡಿದು ಕೂತರು. ಯಾವುದೋ ಪುಕ್ಕಲು ಕಪ್ಪೆ ಒಮ್ಮೆ ವಟರ್ ಎಂದಿರಬೇಕು, ಕಿಸಕ್ಕನೆ ನಕ್ಕರು.

"ನನ್ನ ಬಾಯಿಗೆ ಇಡೀ ಕೆರೆ ಹೆದರ್ತಿತ್ತು. ಈ ಪುಣ್ಯಾತ್ಮ ಒಬ್ಬರು ಬಿಟ್ಟು."

"ನಾನೂ ಸುಮ್ಮನೇ ಇದ್ದೆನಲ್ಲ," ಎಂದರು ಮೇಷ್ಟ್ರು.

"ಸುಮ್ಮನಿದ್ರಿ. ನೀರಿಂದ ಎದ್ದು ಬಂದ್ರಾ?"

ಮೇಷ್ಟ್ರ ಕೈಯಿಂದ ಪೆಟ್ಟಿಗೆ ಕಿತ್ತು ನನ್ನ ಮೇಜಿನ ಮೇಲಿಟ್ಟರು.

"ಹಾಕಪ್ಪಾ. ಆದ್ರೆ ಕೂಗಿದ್ದು ಯಾರು ಅಂತಾನೂ ಬರಿ. ಹೆಸರು ಮುಚ್ಚಿಟ್ಟು ಬೈಯೋಳಲ್ಲ ನಾನು."

ಮೇಷ್ಟ್ರ ಹೆಸರಿನ ಪಕ್ಕದಲ್ಲೇ ಅವರ ಹೆಸರನ್ನೂ ಬರೆದೆ. ಇನ್ನು ಉಳಿದದ್ದು, ನಮ್ಮ ಭಾಷೆ ಬಾರದವರಿಗಾಗಿ ಆ ಮಾತಿನ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆಯುವುದು.

"ಕೋಣ ಅಂತಲೇ ಹಾಕ್ಲಾ ಅಮ್ಮಾ?"

ಅಮ್ಮ ಸೆರಗಿನಿಂದ ಕನ್ನಡಕ ಒರೆಸಿ ಮೇಷ್ಟ್ರಿಗೆ ತೊಡಿಸುತ್ತಿದ್ದರು. "ಹೊತ್ತಾಯ್ತು, ಒಳಗೆ ಬನ್ನಿ ಅಂತ ಬರಿ. ಅರ್ಥ ಅದೇ ತಾನೇ."

"ಸುಳ್ಳು," ಎಂದರು ಮೇಷ್ಟ್ರು, ಕನ್ನಡಕದೊಳಗಿಂದ ಅವರನ್ನೇ ನೋಡುತ್ತ. "ಕೋಣ ಅಂತಲೇ ಬರಿ."