ಬೇಲಿಯಾಚೆಯ ಹೊಸ ಕೋಣೆ

ರಂಗೇಶನಿಗೂ ಕಾವ್ಯಶ್ರೀಗೂ ಮದುವೆ ಮಾಡಿಸಿದವಳು ನಾನೇ. ಆದ್ದರಿಂದ ಮೋಸಹೋದವರಲ್ಲಿ ನನ್ನನ್ನೂ ಸೇರಿಸಿಕೊಳ್ಳಿ, ಬೈಯುವಾಗಲೂ ನನ್ನನ್ನು ಬಿಡಬೇಡಿ.

ಮಾಡದಕೆರೆ ಕಡೆಯ ಅಂಗನವಾಡಿಯೊಂದರಲ್ಲಿ ನಾನು ಟೀಚರ್, ಹೆಸರು ದೀಪಾ. ಕಾವ್ಯಶ್ರೀ ನನ್ನ ಸಹಾಯಕಿ. ಮಕ್ಕಳಿಗೆ ಅನ್ನ ಸಾರು ಮಾಡುವುದು, ಮೂಗು ಒರೆಸುವುದು, ಅಳುವವರನ್ನು ಸೊಂಟಕ್ಕೇರಿಸಿಕೊಂಡು ತಿರುಗುವುದು ಅವಳ ಕೆಲಸ. ನಾವಿಬ್ಬರೂ ಗೊಲ್ಲರಹಟ್ಟಿಗಳಲ್ಲಿ ಹುಟ್ಟಿದವರು. ಹೆತ್ತವಳು ಮೈಲಿಗೆ, ಅವಳು ಒಳಗಿದ್ದರೆ ದೇವರು ಮುನಿಯುತ್ತಾನೆ ಎಂದು ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಬೇಲಿಯಾಚೆ ಗುಡಿಸಲಿಗೆ ಹಾಕುವ ಪದ್ಧತಿ ನಾವು ಹುಟ್ಟಿದ ಹಟ್ಟಿಗಳಲ್ಲಿ ಇನ್ನೂ ಸತ್ತಿಲ್ಲ. ಕಾವ್ಯಶ್ರೀಯ ಮೊದಲ ಕೂಸು ಅಂಥ ಗುಡಿಸಲಲ್ಲೇ ಒಂಬತ್ತನೇ ದಿನ, ಮಳೆಯಲ್ಲಿ ನೆನೆದು, ಶೀತವಾಗಿ ಸತ್ತಿತು. ವರ್ಷ ತುಂಬುವುದರೊಳಗೆ ಗಂಡನೂ ಲಾರಿ ಡಿಕ್ಕಿಯಲ್ಲಿ ಹೋದ. ಇಪ್ಪತ್ತನಾಲ್ಕಕ್ಕೇ ಅವಳು ತವರಿಗೆ ಮರಳಿದ್ದಳು.

ರಂಗೇಶ್ ಬಾಗೂರು ಕಡೆಯ ಗೊಲ್ಲರಹಟ್ಟಿಯವನು. ಅಂಗನವಾಡಿಗಳಿಗೆ ಬೇಳೆ, ಅಕ್ಕಿ ತರುವ ಗೂಡ್ಸ್ ಆಟೋ ಅವನದು. ಅವನ ಹೆಂಡತಿ ಬೇಲಿಯಾಚೆಯ ಗುಡಿಸಲಲ್ಲಿ ಹೆರಿಗೆ ನೋವಿನಲ್ಲಿ ರಕ್ತ ಹೋಗಿ ಸತ್ತಿದ್ದಳು, ಹೊಟ್ಟೆಯ ಕೂಸೂ ಉಳಿದಿರಲಿಲ್ಲ. ಅವಳು ಕೂಗಿದ್ದು ಹಟ್ಟಿಯವರಿಗೆ ಕೇಳಿಸಿರಲಿಲ್ಲ.

"ಎಲ್ಡು ಮೂಟೆ ಇಳಿಸಾಕೆ ಅರ್ಧ ಗಂಟೆ ಬೇಕೇನಪ್ಪ ನಿನಗೆ?" ಎಂದು ನಾನು ಕೆಣಕುತ್ತಿದ್ದೆ. ಅವನು ಕಿವಿವರೆಗೂ ಕೆಂಪಾಗುತ್ತಿದ್ದ. ಒಂದು ದಿನ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಕುಳಿತು ಹೆಂಡತಿಯ ವಿಷಯ ಹೇಳಿ ಅತ್ತ. ಎರಡು ವರ್ಷದಿಂದ ಕೂಸಿನ ಮಾತೇ ಎತ್ತದಿದ್ದ ಕಾವ್ಯಶ್ರೀ ಅವತ್ತು ಬಾಯಿಬಿಟ್ಟಳು. ಆಮೇಲೆ ಅವಳು ತಲೆಗೆ ಹೂ ಮುಡಿಯತೊಡಗಿದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮದುವೆಗೆ ಅವಳು ಬೇಡಿದ್ದು ಸೀರೆಯಲ್ಲ, ಒಡವೆಯಲ್ಲ, ಒಂದೇ ಮಾತು. ಅದನ್ನು ಅವನು ನನ್ನೆದುರೇ ಕೊಟ್ಟ.

"ಟೀಚರ್, ಇವಳ ಬಾಣಂತನ ನನ್ನ ಮನೆ ಒಳಗೇ ಆಗ್ತೈತೆ. ಯಾರೇನಂದ್ರೂ ಹೊರಗೆ ಹಾಕಲ್ಲ."

ಮದುವೆಯಾಯಿತು. ಸಂಜೆ ಬರುವಾಗ ಸೀಬೆಹಣ್ಣು ತರುತ್ತಿದ್ದ, ಅವಳು ಮುನಿದರೆ ತಾನೇ ಮುದ್ದೆ ಕಟ್ಟುತ್ತಿದ್ದ. ಅವಳು ಬಸುರಿಯಾಗಿ ಏಳು ತಿಂಗಳಾದಾಗ ಹಟ್ಟಿಯ ಬೇಲಿಯಾಚೆ ಒಂದು ಕೋಣೆ ಏಳತೊಡಗಿತು. ಕುರಿ ಮೇವಿಗೆ ಎಂದ. ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹಾಕಿದವಳು ಅವಳೇ.

ಹೊಸದುರ್ಗದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ನಾಲ್ಕನೇ ದಿನ ತಾಯಿ ಮಗುವಿನ ಜೊತೆ ನಾನೂ ಕಾರಿನಲ್ಲಿ ಬಂದೆ. ಕಾರು ಬೇಲಿಯ ಹತ್ತಿರವೇ ನಿಂತಿತು. ರಂಗೇಶನ ತಾಯಿ ಕಾಟಮ್ಮ, ಹಟ್ಟಿಯ ಹಿರಿಯ ಯತ್ತಪ್ಪ, ಇನ್ನೊಂದಷ್ಟು ಗಂಡಸರು ದೂರದಲ್ಲಿ ನಿಂತಿದ್ದರು. ಮೇವಿನ ಕೋಣೆಗೆ ನೀಲಿ ಬಣ್ಣ ಬಳಿದಿತ್ತು, ಒಳಗೆ ಮಂಚ ಹಾಕಿತ್ತು. ರಂಗೇಶ್ ಬೀಗದ ಕೈ ಹಿಡಿದು ತಲೆ ತಗ್ಗಿಸಿದ್ದ.

"ಇಳಿಯವ್ವ, ನಿನ್ನ ಗಂಡ ಅರಮನೆ ಕಟ್ಸವ್ನೆ" ಎಂದಳು ಕಾಟಮ್ಮ. "ನಾವೆಲ್ಲ ಸೊಪ್ಪಿನ ಗುಡ್ಲಾಗೆ ಹೆತ್ತು ಎದ್ದು ಬಂದಿವಿ. ನಿನಗೆ ಫ್ಯಾನ್ ಐತೆ, ಮಂಚ ಐತೆ. ಇನ್ನೇನು ಬೇಕು?"

ನನ್ನ ಮೈ ಉರಿದುಹೋಯಿತು. "ನನ್ನ ಮುಂದೆ ಕೊಟ್ಟ ಮಾತೇನಾಯ್ತು ರಂಗೇಶ್?"

"ಟೀಚರ್, ಮಳೆ ಬಂದ್ರೆ ಸೋರಲ್ಲ, ಗಾಳಿ ನುಗ್ಗಲ್ಲ. ಎಲ್ಡು ತಿಂಗಳು ಅಷ್ಟೇ. ಅವ್ವ ಊಟ ಬಿಟ್ಟು ಕುಂತ್ಲು, ನಾನೇನು ಮಾಡ್ಲಿ?"

"ಕಟ್ಟಳೆ ಮುರಿದ್ರೆ ಹಟ್ಟಿಗೆ ಕೇಡು. ಕುರಿ ಸಾಯ್ತವೆ" ಎಂದ ಯತ್ತಪ್ಪ.

"ಅಜ್ಜ, ಇವನ ಮೊದಲ ಹೆಂಡ್ತಿ ಕಟ್ಟಳೆ ಮುರಿದಿರ್ಲಿಲ್ಲ, ಆದ್ರೂ ಸತ್ಲು. ಇವಳ ಕೂಸೂ ಹಂಗೇ ಸತ್ತೋತು. ಕಟ್ಟಳೆ ಯಾರನ್ನ ಕಾಪಾಡ್ತು ಹೇಳ್ರಿ."

"ಅದು ಅವರ ಹಣೆಬರ. ಓದಿದೋರ ಮಾತು ಹಟ್ಟಿಯಾಗೆ ನಡಿಯಲ್ಲವ್ವ."

ಕಾವ್ಯಶ್ರೀ ಕೂಸನ್ನು ಎದೆಗವಚಿಕೊಂಡು ಇಳಿದಳು. ಅವಳು ನೋಡಿದ್ದು ಗಂಡನನ್ನು ಮಾತ್ರ.

"ಈ ಗೋಡೆಗೆ ನನ್ ಕೈಯಾಗೇ ನೀರು ಹಾಕಿಸಿದ್ರಿ. ಮೊದಲ್ನೋಳು ಕೂಗಿದ್ದು ಕೇಳಿಸ್ಲಿಲ್ಲ ಅಂತ ನನ್ನ ಮುಂದೆ ಅತ್ರಲ್ಲ, ಇಲ್ಲಿಂದ ನಾನು ಕೂಗಿದ್ರೆ ನಿಮಗೆ ಕೇಳ್ತೈತಾ?"

ಅವಳು ಹಟ್ಟಿಯೊಳಕ್ಕೆ ನಡೆದಳು. ಗಂಡಸರು ಕೂಗಾಡಿದರು, ಅಡ್ಡ ಮಾತ್ರ ಬರಲಿಲ್ಲ. ಬಾಣಂತಿಯನ್ನು ತಡೆಯಬೇಕಾದರೆ ಮುಟ್ಟಬೇಕು, ಮುಟ್ಟಿದರೆ ಮೈಲಿಗೆ. ಅವಳು ಒಂದು ಹೆಜ್ಜೆ ಮುಂದಿಟ್ಟರೆ ಅವರು ಎರಡು ಹೆಜ್ಜೆ ಹಿಂದೆ ಸರಿದರು. ಯಾವ ಮೈಲಿಗೆ ಅವಳನ್ನು ಹೊರಗೆ ಹಾಕಿತ್ತೋ ಅದೇ ಅವತ್ತು ದಾರಿ ಬಿಡಿಸಿತು. ನಡುಮನೆಯಲ್ಲಿ ಕೂಸನ್ನು ಮಲಗಿಸಿ ಬಾಗಿಲಿಗೆ ಬಂದು ಹೇಳಿದಳು.

"ಮೈಲಿಗೆ ಆಗ್ತೈತೆ ಅನ್ನೋರು ಆ ಕೋಣೆಯಾಗೆ ಇರ್ರಿ. ಫ್ಯಾನ್ ಐತೆ, ಮಂಚ ಐತೆ."

ಕಾಟಮ್ಮ ಹಟ ಬಿಡಲಿಲ್ಲ, ಮಗನನ್ನು ಕರೆದುಕೊಂಡು ಆ ಕೋಣೆಗೇ ಹೋದಳು. ಮೂರು ದಿನ ಬಿಟ್ಟು ನಾನು ಹೋದಾಗ ಅದರ ಮೆಟ್ಟಿಲ ಮೇಲೆ ಕುಳಿತಿದ್ದಳು.

"ಇಲ್ಲಿ ಮನುಷ್ಯರು ಹೆಂಗೆ ಇರಾದು ಟೀಚರಮ್ಮ? ಹುಳ ಹುಪ್ಪಟೆ, ನೀರು ದೂರ. ಮಗ ಆಟೋ ತಗಂಡು ಹೋದಾಗ ಮೈ ಹುಷಾರಿಲ್ದೆ ಕೂಗಿದ್ರೂ ಒಬ್ರೂ ಬರಲಿಲ್ಲ."

ಹೇಳಿದ ಮೇಲೆ ಅವಳಿಗೇ ಏನೋ ಹೊಳೆದಂತಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಮನೆಯತ್ತ ನಡೆದೆ.

ರಂಗೇಶ್ ಮನೆಯ ಅಂಗಳದಲ್ಲಿ ನಿಂತಿದ್ದ, ಗಡ್ಡ ಬೆಳೆದಿತ್ತು. ಕಾವ್ಯಶ್ರೀ ಒಳಗೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು.

"ಒಳಗೆ ಬರ್ಲಾ?" ಎಂದ.

"ಮನೆ ನಿಮ್ದು, ಬರ್ರಿ. ಕೂಸು ನಿಮ್ದು, ಎತ್ಕಳ್ರಿ. ಇನ್ಮ್ಯಾಲೆ ನನಗೆ ಮಾತು ಮಾತ್ರ ಕೊಡಬ್ಯಾಡ್ರಿ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಕೈ ಚಾಚಿದ. ಅವಳು ಕೂಸನ್ನು ಕೊಟ್ಟಳು, ಅವನ ಮುಖ ನೋಡಲಿಲ್ಲ.