ದಕ್ಷಿಣಕ್ಕೆ ವಾಲಿದ ರೆಕ್ಕೆಗಳು

ಮಧ್ಯಾಹ್ನ ಮೂರೂ ಹತ್ತಕ್ಕೆ, ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ನಿವೃತ್ತ ನಕ್ಷೆಗಾರರು ತಮ್ಮ ತಪ್ಪನ್ನು ಒಪ್ಪಿಕೊಂಡರು. ಕೇಳಿಸಿಕೊಂಡವರು ಒಬ್ಬರೇ: ಕಟ್ಟಡದ ದುರಸ್ತಿಗೆ ನೇಮಕವಾಗಿದ್ದ ಎಂಜಿನಿಯರ್, ಮೂವತ್ತರ ಆಸುಪಾಸಿನ ಹೆಂಗಸು.

ಕಟ್ಟಡಕ್ಕೆ ಐವತ್ತೆಂಟು ವರ್ಷ. ಬಣ್ಣ ಕಾಣದ ಕಾಂಕ್ರೀಟು, ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಮೂರು ಅಂತಸ್ತು. ಪಶ್ಚಿಮದ ಗಾಜಿನ ಗೋಡೆಯ ಹೊರಗೆ ಬಿಸಿಲು ತಡೆಯಲೆಂದು ಓರೆಯಾಗಿ ನಿಲ್ಲಿಸಿದ ಅರವತ್ತೆರಡು ಕಾಂಕ್ರೀಟ್ ರೆಕ್ಕೆಗಳು. ಅವು ಬಿಸಿಲು ತಡೆಯುವುದಿಲ್ಲ. ಮೂರರ ನಂತರ ಆ ಸಾಲಿನ ಮೇಜುಗಳ ಹತ್ತಿರ ಯಾರೂ ಸುಳಿಯುವುದಿಲ್ಲ. ಈಗ ರೆಕ್ಕೆಗಳೆಲ್ಲ ಬಿರುಕು ಬಿಟ್ಟಿದ್ದು, ಹೊಸದಾಗಿ ಎರಕ ಹೊಯ್ಯಬೇಕಿತ್ತು.

"ವಾಸ್ತುಶಿಲ್ಪಿಗಳು ಕೊಟ್ಟ ರೆಕ್ಕೆಗಳ ಪೆನ್ಸಿಲ್ ಚಿತ್ರ ಟ್ರೇಸಿಂಗ್ ಹಾಳೆ ಮೇಲಿತ್ತು. ಎರಡೂ ಕಡೆಯಿಂದ ಕಾಣೋ ಹಾಳೆ, ಒಂದಕ್ಷರ ಬರೆದಿರ್ಲಿಲ್ಲ. ನಾನು ಮಗುಚಿ ಇಟ್ಕೊಂಡು ಇಂಕ್ ಎಳೆದ್ಬಿಟ್ಟೆ. ಉತ್ತರಕ್ಕೆ ವಾಲಬೇಕಾದ್ದು ದಕ್ಷಿಣಕ್ಕೆ ವಾಲ್ತು."

"ಯಾರೂ ನೋಡ್ಲಿಲ್ವಾ ತಾತ?"

"ಆಫೀಸಲ್ಲಿ ಹನ್ನೊಂದು ಜನ ನೋಡಿದ್ರಮ್ಮ. ಹನ್ನೊಂದು ಕನ್ನಡಕ ಇತ್ತು, ಕಣ್ಣು ಒಂದೂ ಇರ್ಲಿಲ್ಲ."

ಆಕೆ ನಕ್ಕರು. ಅವರು ನಗಲಿಲ್ಲ. ಆ ಹನ್ನೊಂದು ಜನರಲ್ಲಿ ಈಗ ಯಾರೂ ಇಲ್ಲ. ವಾಸ್ತುಶಿಲ್ಪಿ ತೀರಿಕೊಂಡು ಇಪ್ಪತ್ತು ವರ್ಷ. ವಿಷಯ ಗೊತ್ತಿದ್ದ ಇನ್ನೊಬ್ಬರೆಂದರೆ ನಕ್ಷೆಗಾರರ ಹೆಂಡತಿ. ಅವರೂ ಹೋಗಿ ನಾಲ್ಕು ವರ್ಷವಾಗಿತ್ತು. ಒಂಟಿ ಬಾಡಿಗೆ ಕೋಣೆಯಲ್ಲಿ ದಿನಗಟ್ಟಲೆ ನಕ್ಷೆಗಾರರು ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

"ಆದ್ರೆ ಸಂಜೆ ಬೆಳಕನ್ನ ಬೇಕಂತಲೇ ಒಳಗೆ ಬಿಟ್ಟೆ ಅಂತ ವಾಸ್ತುಶಿಲ್ಪಿಗಳೇ ಬರೆದಿದಾರಲ್ಲ?"

"ಕಟ್ಟಿದ ಮೇಲೆ ಬರೆದದ್ದು. ನನ್ನ ಮಾನ ಉಳಿಸೋಕೋ, ಅವರದ್ದು ಉಳಿಸ್ಕೊಳ್ಳೋಕೋ, ಕೇಳೋ ಧೈರ್ಯ ಬರ್ಲಿಲ್ಲ. ಈಗಲಾದ್ರೂ ಸರಿಯಾಗಿ ನಿಲ್ಸಮ್ಮ. ನಾನು ಇರೋವಾಗಲೇ."

"ಆ ಪೆನ್ಸಿಲ್ ಹಾಳೆ ಇದೆಯಾ?"

"ಇಂಕ್ ಆದ್ಮೇಲೆ ಪೆನ್ಸಿಲ್ ಹಾಳೆ ಹರಿದು ಹಾಕೋದು ನಮ್ಮಲ್ಲಿ ಪದ್ಧತಿ. ಹರಿದವನೂ ನಾನೇ."

"ನಾನು ನಂಬ್ತೀನಿ ತಾತ. ಆದ್ರೆ ದುರಸ್ತಿ ಸಮಿತಿಯವರು ದಾಖಲೆ ಕೇಳ್ತಾರೆ."

"ಕೇಳ್ಲಿ. ನೀನು ಬರ್ಕೊ."

ಆಕೆ ಬರೆದುಕೊಂಡರು. ಅವರು ಎರಡು ಸಲ ಓದಿ, "ಅಚಾತುರ್ಯ" ಎಂಬುದನ್ನು ಹೊಡೆದು "ತಪ್ಪು" ಎಂದು ತಿದ್ದಿ, ಸಹಿ ಹಾಕಿದರು.

ಎರಡು ವಾರದ ನಂತರ ಸಮಿತಿ ಸಭೆ ಸೇರಿತು. ನಕ್ಷೆಗಾರರ ಹೇಳಿಕೆಯನ್ನು ವರದಿಯ ಕೊನೆಗೆ ಅನುಬಂಧವಾಗಿ ಸೇರಿಸಿ, ವಾಸ್ತುಶಿಲ್ಪಿಯ ಆಶಯದಂತೆ ಹಳೆಯ ಓರೆಯನ್ನೇ ಉಳಿಸಿಕೊಳ್ಳಲು ತೀರ್ಮಾನಿಸಿತು. ಮೊದಲ ಹೊಸ ರೆಕ್ಕೆಯನ್ನು ಸೋಮವಾರ ಬೆಳಿಗ್ಗೆ ದಕ್ಷಿಣಕ್ಕೆ ವಾಲಿಸಿ ನಿಲ್ಲಿಸಿದರು.