ಸೀರೆಯಂಚಿನ ಏಳು ತೂತುಗಳು

ನನ್ನ ಹಸಿರು ಸೀರೆಯ ಅಂಚಿನಲ್ಲಿ ಸಾಲಾಗಿ ಏಳು ಸಣ್ಣ ತೂತುಗಳಿವೆ. ಇಲಿ ಕಡಿದದ್ದಲ್ಲ, ಮುಳ್ಳಿಗೆ ಸಿಕ್ಕಿದ್ದೂ ಅಲ್ಲ. ಅವು ರುದ್ರವ್ವಕ್ಕನ ಕೌದಿ ಸೂಜಿಯವು.

ರುದ್ರವ್ವಕ್ಕ ನನ್ನ ನೆಗೆಣ್ಣಿ, ಮನೆಯ ಹಿರಿಯ ಸೊಸೆ. ಆಗ ಅವಳು ನನ್ನೊಡನೆ ಮಾತು ಬಿಟ್ಟು ಹನ್ನೊಂದು ತಿಂಗಳಾಗಿತ್ತು. ತಪ್ಪು ನನ್ನದೇ. ಮಾಸಿದ ನೀಲಿ ಸೀರೆಯೊಂದನ್ನು ಯಾರನ್ನೂ ಕೇಳದೆ ಹರಿದು ಒರಸುವ ಬಟ್ಟೆ ಮಾಡಿದ್ದೆ. ಅದು ತೀರಿಹೋದ ಅವಳ ತಾಯಿಯ ಸೀರೆ. ಅವಳು ಅತ್ತಾಗ ತಪ್ಪಾಯಿತು ಎನ್ನುವುದು ಬಿಟ್ಟು, "ಹರಕ ಸೀರಿಗೆ ಇಷ್ಟ್ಯಾಕ ಅಳ್ತಿ?" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವಳು ಅಡುಗೆಮನೆಗೆ ಬಂದರೆ ನಾನು ಹಿತ್ತಲಿಗೆ ಓಡುತ್ತಿದ್ದೆ. ಹೇಳಬೇಕಾದ ಒಂದೇ ಒಂದು ಮಾತನ್ನು ನಾಳೆ, ನಾಳೆ ಎಂದು ಮುಂದೂಡುತ್ತಿದ್ದೆ. ಹಾಳು ಬಿಂಕ, ಮತ್ತೇನು.

ಅವತ್ತು ನಾದಿನಿ ಕಸ್ತೂರಿಯ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಮಧ್ಯಾಹ್ನ ಹೆಸರಿಡಬೇಕು, ತೊಟ್ಟಿಲ ಕೌದಿ ನೋಡಿದರೆ ಇನ್ನೂ ಅರ್ಧ. ಅತ್ತೆ ಹಳೆಯ ಸೀರೆಗಳ ತುಂಡುಗಳನ್ನು ಕೂಡಿಸಿ, ಪದರದ ಮೇಲೆ ಪದರ ಹಾಸಿ ಇಟ್ಟಿದ್ದರು. ಉದ್ದಕ್ಕೂ ಸಾಲು ಹೊಲಿಗೆ ಹಾಕಿ ಸುತ್ತಲೂ ಕೆಂಪು ಅಂಚು ಕೂಡಿಸುವುದು ಉಳಿದಿತ್ತು. ಅವರ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ.

"ಇಬ್ರೂ ಬಂದು ಕುಂಡ್ರಿ. ನೀ ಆ ಮಗ್ಗಲಿಂದ, ಆಕಿ ಈ ಮಗ್ಗಲಿಂದ. ಕೂಸು ಬರಿ ಹಲಗಿ ಮ್ಯಾಲ ಮಲಗೂದಿಲ್ಲ," ಎಂದರು ಅತ್ತೆ.

ತೊಟ್ಟಿಲ ಕೌದಿ ಎಷ್ಟು ದೊಡ್ಡದಿದ್ದೀತು! ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತೆವು. ಇವತ್ತು ಹೇಳಿಯೇಬಿಡುತ್ತೇನೆ ಅಂದುಕೊಂಡೆ. ಒಂದು ಸಾಲು ಮುಗಿಯಿತು, ಹೇಳಲಿಲ್ಲ. ಮೂರು ಮುಗಿದವು, ಆಗಲೂ ಹೇಳಲಿಲ್ಲ.

"ಅತ್ತಿ, ಆಕಿ ಹೊಲಿಗಿ ಭಾಳ ದೊಡ್ಡವು ಬೀಳಾಕತ್ತಾವು ಅಂತ ಹೇಳ್ರಿ. ಕೂಸಿನ ಬೆರಳು ಸಿಗ್ತಾವು," ಎಂದಳು ರುದ್ರವ್ವಕ್ಕ. ನಾನು ಅವಳಿಂದ ಗೇಣು ದೂರದಲ್ಲಿದ್ದೆ.

"ಅತ್ತಿ, ಸಣ್ಣ ಹಾಕ್ತೀನಂತ ಹೇಳ್ರಿ," ಎಂದೆ ನಾನು.

"ನಾ ಏನು ನಿಮ್ಮ ಟಪಾಲು ಮುಟ್ಟಿಸಾಕಿ ಏನ?" ಎಂದು ಅತ್ತೆ ಎದ್ದೇ ಹೋದರು.

ಆಮೇಲೆ ಕೈಗಳು ಓಡಿದವು. ಅವಳು ಒಂದು ಸಾಲು ಮುಗಿಸುವುದರೊಳಗೆ ನಾನೂ ಮುಗಿಸಬೇಕೆಂಬ ಹುಚ್ಚು ಹುರುಪು. ನನ್ನ ಸಾಲು ಸೊಟ್ಟ, ಅವಳದು ನೆಟ್ಟಗೆ. ನಡುವೆ ಎರಡೂ ಕೂಡಿದಾಗ ಇಬ್ಬರೂ ತಲೆ ಎತ್ತಲಿಲ್ಲ. ಒಂದೇ ಮೂಲೆಯಿಂದ ಕೆಂಪು ಪಟ್ಟಿ ಹಿಡಿದು ಅವಳು ಆ ಕಡೆ, ನಾನು ಈ ಕಡೆ ಅಂಚು ಮಡಿಸಿ ಹೊಲಿಯುತ್ತ ಬಂದೆವು. ಕೊನೆಯ ಮೂಲೆ ಮುಟ್ಟಿದಾಗ ಪಟ್ಟಿ ಒಂದು ಗೇಣು ಕಡಿಮೆ ಬಿತ್ತು. ಮನೆಯಲ್ಲಿ ಬೇರೆ ಕೆಂಪು ಬಟ್ಟೆ ಇರಲಿಲ್ಲ. ಅಂಗಳದಲ್ಲಿ ಆಗಲೇ ಹೆಂಗಸರ ಬಳೆ ಸದ್ದು.

ನಾನು ಎದ್ದು ನನ್ನ ಟ್ರಂಕಿನ ತಳಕ್ಕೆ ಕೈ ಹಾಕಿದೆ. ಆ ನೀಲಿ ಸೀರೆಯ ಸೆರಗಿನ ಒಂದು ತುಂಡು ಉಳಿದಿತ್ತು. ಒಗೆದು, ಮಡಿಸಿ, ದಿನಾ ಕೊಡಬೇಕೆಂದುಕೊಂಡು ದಿನಾ ಮುಚ್ಚಿಡುತ್ತಿದ್ದೆ. ತಂದು ಅವಳ ಮುಂದಿಟ್ಟೆ. ಅವಳು ಅದರ ಮೇಲೆ ಎರಡು ಸಲ ಅಂಗೈ ಆಡಿಸಿದಳು. ಮಡಿಸಿ ಅಂಚಿಗೆ ಕೂಡಿಸತೊಡಗಿದಳು. ಅವಳ ಮುಖ ನೋಡುವ ಧೈರ್ಯವಿಲ್ಲದೆ ನಾನು ಮೂಲೆಯನ್ನು ಬಿಗಿಯಾಗಿ ಹಿಡಿದು ಗೋಡೆ ನೋಡುತ್ತ ಕೂತೆ. ದಾರ ಕಡಿದ ಸದ್ದು ಕೇಳಿದ್ದೇ ಹಿತ್ತಲಿಗೆ ಓಡಲು ಎದ್ದೆ.

ನನ್ನೊಡನೆ ಕೌದಿಯೂ ಎದ್ದಿತು.

"ಅಕ್ಕಾ, ನನ್ನ ಸೀರಿ ಸಿಕ್ಕೈತಿ," ಎಂದೆ. ಮೊದಲು ಮಾತಾಡಿದವಳು ನಾನೇ ಎಂದು ಹೊಳೆದದ್ದು ಆಮೇಲೆ.

"ಸಿಕ್ಕಿಲ್ಲ. ಸಿಗಿಸೀನಿ," ಎಂದಳು ರುದ್ರವ್ವಕ್ಕ. ಅಂಚು ಮುಗಿದ ಮೇಲೆ ಉಳಿದ ದಾರದಲ್ಲಿ ನನ್ನನ್ನು ಕೌದಿಗೆ ಹೊಲಿದಿದ್ದಳು. "ಬಿಟ್ರ ಹಿತ್ತಲಕ್ಕ ಓಡ್ತಿ. ಈಗ ಹೇಳು, ಏನು ಹೇಳೂದಿತ್ತು?"

"ತಪ್ಪಾತು ಅಕ್ಕಾ. ಅವತ್ತ ಹೇಳಬೇಕಿತ್ತು."

"ಇಷ್ಟು ಹೇಳಾಕ ಹನ್ನೊಂದು ತಿಂಗಳಾ," ಎಂದು ಕಣ್ಣೊರಸಿಕೊಂಡಳು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಅಷ್ಟು ಹಗುರಾದ ದಿನ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಒಳಗಿನಿಂದ ಕಸ್ತೂರಿ ಕೂಗಿದಳು: "ವೈನೀ, ಕೌದಿ ಒಂದ ಬರ್ತೈತೋ, ನೀವಿಬ್ರೂ ಅದರ ಕೂಡ ತೊಟ್ಟಿಲಿಗೆ ಬರ್ತೀರೋ?"

ರುದ್ರವ್ವಕ್ಕ ಕತ್ತರಿ ತಂದು ಏಳು ಹೊಲಿಗೆ ಬಿಡಿಸಿದಳು. ಕೌದಿಯ ಒಂದೊಂದು ತುದಿ ಹಿಡಿದು ಇಬ್ಬರೂ ಒಳಗೆ ಒಯ್ದೆವು.

ಆ ಕೌದಿಯಲ್ಲಿ ಆಮೇಲೆ ನಾಲ್ಕು ಕೂಸುಗಳು ಮಲಗಿ ಎದ್ದವು. ಹಸಿರು ಸೀರೆ ಉಟ್ಟಾಗಲೆಲ್ಲ ರುದ್ರವ್ವಕ್ಕ ಈಗಲೂ ಬಂದು ಅಂಚು ಹಿಡಿದು, ಬೆರಳ ತುದಿಯಿಂದ ತೂತುಗಳನ್ನು ಒಂದೊಂದಾಗಿ ಎಣಿಸುತ್ತಾಳೆ. ಏಳು ಮುಗಿಯುವವರೆಗೆ ನಾನು ಎಲ್ಲಿಗೂ ಹೋಗದೆ ನಿಂತಿರುತ್ತೇನೆ.